ಸೈಟು ಕೊಳ್ಳುವ ಮುನ್ನ ಒಮ್ಮೆ ಮಾರಿ ನೋಡಿ

“ಎಂಟು ವರ್ಷದ ಹಿಂದೆ ಇಪ್ಪತ್ತು ಲಕ್ಷಕ್ಕೆ ತಗೊಂಡಿದ್ದೆ, ಈಗ ನಲವತ್ತಕ್ಕೆ ಕೇಳ್ತಾ ಇದಾರೆ” ಎಂಬ ಮಾತು ದಾವಣಗೆರೆಯ ಮದುವೆ ಮನೆಗಳಲ್ಲಿಯೂ ಬೆಣ್ಣೆದೋಸೆ ಹೋಟೆಲುಗಳಲ್ಲಿಯೂ ಎಷ್ಟು ಸಲ ಕಿವಿಗೆ ಬೀಳುತ್ತದೆಯೆಂದರೆ, ಕೈಯಲ್ಲಿ ಒಂದಿಷ್ಟು ಉಳಿತಾಯವಿರುವ ಯಾರಿಗಾದರೂ ತಾವು ಹಿಂದೆ ಬಿದ್ದೆವೇನೋ ಎಂಬ ಕಳವಳ ಹುಟ್ಟದೆ ಇರದು. ಆ ಮಾತನ್ನು ಒಮ್ಮೆ ಲೆಕ್ಕದ ಪುಸ್ತಕಕ್ಕೆ ಇಳಿಸಿ ನೋಡುವುದು ಒಳ್ಳೆಯದು.

ಇಂದಿನ ದರಗಳನ್ನೇ ಹಿಡಿಯೋಣ. ನಿವೇಶನದ ಬೆಲೆ 20 ಲಕ್ಷ ರೂಪಾಯಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ. 5.6, ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿರುವುದರಿಂದ ಒಟ್ಟು ಶೇ. 7.6, ಅಂದರೆ 1.52 ಲಕ್ಷ. ದಲ್ಲಾಳಿಗೆ ಶೇ. 1ರಂತೆ 20 ಸಾವಿರ, ವಕೀಲರ ಶುಲ್ಕ ಮತ್ತು ಖಾತೆ (ಸ್ಥಳೀಯ ಸಂಸ್ಥೆಯ ತೆರಿಗೆ ದಾಖಲೆ) ಬದಲಾವಣೆಗೆ ಇನ್ನೊಂದು 20 ಸಾವಿರ ಎಂದುಕೊಂಡರೆ ಕೊಂಡವನ ಕೈಯಿಂದ ಹೋದದ್ದು 21.92 ಲಕ್ಷ. ಎಂಟು ವರ್ಷದ ನಂತರ 40 ಲಕ್ಷಕ್ಕೆ ಮಾರಿದಾಗ ಮತ್ತೆ ದಲ್ಲಾಳಿಗೆ 40 ಸಾವಿರ. ಉಳಿದ ಲಾಭ 17.68 ಲಕ್ಷದ ಮೇಲೆ ಶೇ. 12.5ರ ದೀರ್ಘಾವಧಿ ಬಂಡವಾಳ ಲಾಭ ತೆರಿಗೆ, ಅದರ ಮೇಲೆ ಶೇ. 4ರ ಸೆಸ್, ಒಟ್ಟು ಸುಮಾರು 2.3 ಲಕ್ಷ. ಕೈಗೆ ಬರುವುದು 37.3 ಲಕ್ಷ. ಇದನ್ನು ವರ್ಷದ ಚಕ್ರಬಡ್ಡಿಗೆ ಇಳಿಸಿದರೆ ಶೇ. 6.9ರ ಆಸುಪಾಸು. ಎಂಟು ವರ್ಷದ ಆಸ್ತಿ ತೆರಿಗೆ, ಬೇಲಿ, ವರ್ಷಕ್ಕೊಮ್ಮೆ ಜಾಲಿ ಕಡಿಸಿದ ಖರ್ಚು ಇದರಲ್ಲಿ ಸೇರಿಲ್ಲ.

ಇದು ಕೆಟ್ಟ ಗಳಿಕೆಯೇನಲ್ಲ. ಠೇವಣಿಯ ಬಡ್ಡಿಗೆ ಪ್ರತಿವರ್ಷ ತೆರಿಗೆ ಕಟ್ಟುವವರಿಗೆ ಕೊನೆಯಲ್ಲಿ ಉಳಿಯುವುದು ಇದಕ್ಕಿಂತ ಕಡಿಮೆಯೇ. ಆದರೆ “ಡಬಲ್ ಆಯ್ತು” ಎಂಬ ಮಾತಿನ ಮೆರುಗು ಇಲ್ಲಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, “ಕೇಳ್ತಾ ಇದಾರೆ” ಎಂಬುದಕ್ಕೂ “ಮಾರಾಟವಾಯಿತು” ಎಂಬುದಕ್ಕೂ ನಡುವೆ ಇರುವ ಅಂತರವನ್ನು ಹೊಸಬರು ಗಮನಿಸುವುದೇ ಇಲ್ಲ. ಖಾಲಿ ನಿವೇಶನವು ಮಾರಾಟವಾಗುವ ದಿನದವರೆಗೆ ಒಂದು ರೂಪಾಯಿಯನ್ನೂ ದುಡಿಯುವುದಿಲ್ಲವಾದ್ದರಿಂದ, ಅದರ ಲಾಭವೆಲ್ಲ ನಮ್ಮಿಂದ ಮುಂದೆ ಕೊಳ್ಳಲಿರುವ, ಇನ್ನೂ ಮುಖ ಕಾಣದ ಒಬ್ಬ ವ್ಯಕ್ತಿಯ ಕೈಯಲ್ಲಿದೆ. ಅವನ ಬಳಿ ಪೂರ್ತಿ ನಗದು ಇರುವ ಸಾಧ್ಯತೆ ಕಡಿಮೆ. ಅವನು ಬ್ಯಾಂಕಿಗೆ ಹೋಗುತ್ತಾನೆ. ಬ್ಯಾಂಕಿನ ವಕೀಲರು ನಮ್ಮ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಲ್ಲಿ ವ್ಯವಹಾರ ನಿಂತರೆ ನಲವತ್ತು ಲಕ್ಷವೆಂಬುದು ಬರೀ ಮಾತು. ಆದ್ದರಿಂದ ಹೊಸಬರು ಸಾಮಾನ್ಯವಾಗಿ ಕೇಳುವ “ಯಾವ ಏರಿಯಾ ಮುಂದೆ ಬರುತ್ತದೆ?” ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, “ಇದನ್ನು ನಾಳೆಯೇ ಮಾರಬೇಕಾದರೆ ಯಾರು ಕೊಳ್ಳುತ್ತಾರೆ, ಅವರಿಗೆ ಸಾಲ ಸಿಗುತ್ತದೆಯೇ?” ಎಂದು ಮೊದಲು ಕೇಳಿಕೊಳ್ಳಬೇಕೆಂಬುದು ಈ ಲೇಖನದ ವಾದ. ಉಳಿದ ಪ್ರಶ್ನೆಗಳಲ್ಲಿ ಬಹುಪಾಲು ಈ ಒಂದರ ಕೆಳಗೇ ಬರುತ್ತವೆ.

ಅಗ್ಗದ ಸೈಟು ಏಕೆ ಅಗ್ಗ

ಒಂದು ಎಕರೆ ಎಂದರೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 43,560 ಚದರ ಅಡಿ. ನಿಯಮದಂತೆ ಬಡಾವಣೆ ಮಾಡುವವರು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಟ್ಟ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಅಂದರೆ 30×40 ಅಡಿಯ ಸುಮಾರು ಇಪ್ಪತ್ತು ನಿವೇಶನಗಳು. ಚರಂಡಿ, ವಿದ್ಯುತ್, ನೀರಿನ ಪೈಪಿನ ಖರ್ಚು ಈ ಇಪ್ಪತ್ತರ ಮೇಲೆಯೇ ಬೀಳುತ್ತದೆ. ಪಕ್ಕದ ಹೊಲದವನು ಯಾವ ಅನುಮೋದನೆಯೂ ಇಲ್ಲದೆ ಇಕ್ಕಟ್ಟಾದ ರಸ್ತೆ ಬಿಟ್ಟು, ಕಲ್ಲು ನೆಟ್ಟು, ಅದೇ ಎಕರೆಯಲ್ಲಿ ಮೂವತ್ತು ಸೈಟು ಮಾಡಿ ಮಾರಿದರೆ ಅರ್ಧ ಬೆಲೆಗೂ ಕೊಡಬಲ್ಲ. ಅಲ್ಲಿ ಉದ್ಯಾನದ ಜಾಗವನ್ನೂ ಅಗಲವಾಗಬೇಕಿದ್ದ ರಸ್ತೆಯನ್ನೂ ಕೊಳ್ಳುವವನಿಗೇ ಮಾರಲಾಗಿದೆ ಎಂಬುದನ್ನು ತಿಳಿದರೆ ಆ ಅಗ್ಗದ ಗುಟ್ಟು ಬಿಚ್ಚಿಕೊಳ್ಳುತ್ತದೆ. ಇಂಥವನ್ನೇ ಜನ ರೆವಿನ್ಯೂ ಸೈಟು ಎನ್ನುವುದು.

ಕೃಷಿ ಜಮೀನು ಬಡಾವಣೆಯಾಗಬೇಕಾದರೆ ಎರಡು ಬಾಗಿಲು ದಾಟಬೇಕು. ಒಂದು, ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ; ನಮ್ಮ ಕಡೆ ಇದನ್ನು ಅಲಿನೇಷನ್ ಎಂದೂ ಎನ್‌ಎ (ಕೃಷಿಯೇತರ) ಎಂದೂ ಕರೆಯುತ್ತಾರೆ. ಎರಡನೆಯದು, ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಯ ಅನುಮೋದನೆ. ದಾವಣಗೆರೆ ಮತ್ತು ಹರಿಹರದ ಸುತ್ತಿನ ಪ್ರದೇಶದಲ್ಲಿ ಅದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ. ಮಾರುವವರು ಬಹಳ ಸಲ ಮೊದಲನೆಯದರ ಆದೇಶವನ್ನು ತೋರಿಸಿ “ಎಲ್ಲಾ ಕ್ಲಿಯರ್ ಇದೆ” ಎನ್ನುತ್ತಾರೆ. ಎನ್‌ಎ ಆದ ಜಮೀನು ವಸತಿಗೆ ಬಳಸಬಹುದಾದ ಜಮೀನು ಮಾತ್ರ; ಅದರಲ್ಲಿ ನಿಮ್ಮ 23ನೇ ನಂಬರಿನ ಸೈಟು ಕಾನೂನಿನ ಕಣ್ಣಿಗೆ ಹುಟ್ಟುವುದು ನಕ್ಷೆಗೆ ಅನುಮೋದನೆ ಸಿಕ್ಕಿ, ಪ್ರಾಧಿಕಾರವು ಆ ನಿವೇಶನವನ್ನು ಬಿಡುಗಡೆ ಮಾಡಿದ ಮೇಲೆ. ಬಡಾವಣೆಯ ಕೆಲಸ ಮುಗಿದಂತೆ ಹಂತ ಹಂತವಾಗಿ ನಿವೇಶನ ಬಿಡುಗಡೆ ಮಾಡುವ ಪದ್ಧತಿ ಇರುವುದರಿಂದ, ನಕ್ಷೆಯಲ್ಲಿ ನಂಬರು ಇದ್ದರೆ ಸಾಲದು, ಆ ನಂಬರು ಬಿಡುಗಡೆಯ ಪಟ್ಟಿಯಲ್ಲಿಯೂ ಇರಬೇಕು.

ಇದರ ಜೊತೆಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇದೆ. 2016ರ ಈ ಕೇಂದ್ರ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡದಾದ ಜಮೀನಿನಲ್ಲಿ ಮಾರಾಟಕ್ಕಾಗಿ ಬಡಾವಣೆ ಮಾಡುವವರು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ. ಐನೂರು ಚದರ ಮೀಟರು ಎಂದರೆ ಐದು ಗುಂಟೆಗೂ ಒಂದಿಷ್ಟು ಕಡಿಮೆ. ಹಾಗಾಗಿ “ನಮ್ಮದು ಸಣ್ಣ ಲೇಔಟು, ರೇರಾ ಎಲ್ಲ ಬೆಂಗಳೂರಿನ ದೊಡ್ಡ ಬಿಲ್ಡರುಗಳಿಗೆ” ಎಂಬ ಉತ್ತರ ಎರಡು ಎಕರೆಯ ಬಡಾವಣೆಯವರ ಬಾಯಲ್ಲಿ ಬಂದರೆ, ಅಲ್ಲಿಂದ ಎದ್ದು ಬರಲು ಅಷ್ಟು ಸಾಕು. ನೋಂದಾಯಿತ ಕರಾರು ಪತ್ರವಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನೂ ಇದೇ ಕಾಯ್ದೆ ನಿಷೇಧಿಸುತ್ತದೆ. ರೇರಾ ಸಂಖ್ಯೆಯನ್ನು ಹಾಕಿ ಅದರ ಜಾಲತಾಣದಲ್ಲಿ ನಕ್ಷೆ, ಭೂಮಾಲೀಕರ ಹೆಸರು, ಕೆಲಸದ ಪ್ರಗತಿ ಎಲ್ಲವನ್ನೂ ಮನೆಯಲ್ಲೇ ಕುಳಿತು ನೋಡಬಹುದು. ಆದರೂ ರೇರಾ ನೋಂದಣಿಯು ಜಮೀನಿನ ಹಕ್ಕು ಶುದ್ಧವಾಗಿದೆ ಎಂಬುದಕ್ಕೆ ಸರ್ಕಾರ ಕೊಟ್ಟ ಭರವಸೆಯಲ್ಲ. ಹಕ್ಕಿನ ಜಾಡನ್ನು ನಾವೇ ಹಿಡಿಯಬೇಕು.

ಆ ಜಾಡಿನಲ್ಲಿ ಈ ಭಾಗದಲ್ಲಿ ಹೆಚ್ಚಾಗಿ ಎಡವುವುದು ಕುಟುಂಬದ ಸಹಿಗಳಲ್ಲಿ. ದಾವಣಗೆರೆಯ ಸುತ್ತ ಬಡಾವಣೆಗಳಾಗಿರುವ ಜಮೀನಿನಲ್ಲಿ ಬಹುಪಾಲು ಭದ್ರಾ ಅಚ್ಚುಕಟ್ಟಿನ ಗದ್ದೆ ಅಥವಾ ಒಂದು ಕಾಲದ ಹತ್ತಿಯ ಹೊಲ, ಅಂದರೆ ಅವಿಭಕ್ತ ಕುಟುಂಬಗಳ ಪಿತ್ರಾರ್ಜಿತ. ಅಣ್ಣತಮ್ಮಂದಿರೆಲ್ಲ ಸಹಿ ಹಾಕಿರುತ್ತಾರೆ, ಮದುವೆಯಾಗಿ ಹರಪನಹಳ್ಳಿಗೋ ಹೊನ್ನಾಳಿಗೋ ಹೋದ ಅಕ್ಕತಂಗಿಯರ ಸಹಿ ಇರುವುದಿಲ್ಲ. ಕರ್ನಾಟಕವು 1994ರಲ್ಲಿಯೇ ತನ್ನ ತಿದ್ದುಪಡಿಯ ಮೂಲಕ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೆ ವಿಸ್ತರಿಸಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿರುವ ನೋಂದಾಯಿತ ಅಥವಾ ನ್ಯಾಯಾಲಯದ ಡಿಕ್ರಿಯ ವಿಭಾಗಗಳಿಗೆ ಮತ್ತು ಮಾರಾಟಗಳಿಗೆ ರಕ್ಷಣೆಯಿದೆ. ಬೆಲೆ ಏರಿದಷ್ಟೂ ಇಂಥ ಹಳೆಯ ಹಕ್ಕುಗಳಿಗೆ ಜೀವ ಬರುತ್ತದೆಂಬುದು ನ್ಯಾಯಾಲಯದ ಕಟ್ಟೆ ಹತ್ತಿದವರಿಗೆಲ್ಲ ಗೊತ್ತು. ವಂಶವೃಕ್ಷವನ್ನು ಕೇಳಿ ಪಡೆದು, ಅದರಲ್ಲಿರುವ ಪ್ರತಿಯೊಂದು ಹೆಸರಿನ ಎದುರು ಸಹಿಯೋ ಹಕ್ಕು ಬಿಡುಗಡೆ ಪತ್ರವೋ ಇದೆಯೇ ಎಂದು ನೋಡುವುದು ಸಂಕೋಚದ ವಿಷಯವಾಗಬಾರದು.

ಇಸಿಯನ್ನು, ಅಂದರೆ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭವಾಗಿ ಪಡೆಯಬಹುದು. ಮೂವತ್ತು ವರ್ಷದ್ದನ್ನು ತೆಗೆಸುವುದು ವಾಡಿಕೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟ ಕರಾರು, ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇವು ಅದರಲ್ಲಿ ಇರುವುದಿಲ್ಲ. ದಾವೆಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರಿನಿಂದ ಹುಡುಕಬಹುದು, ಹತ್ತು ನಿಮಿಷದ ಕೆಲಸ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಮಾರುವ ಪದ್ಧತಿಯಿಂದ ಹಕ್ಕು ವರ್ಗಾವಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿಯೇ ಹೇಳಿದ್ದರೂ ನಮ್ಮ ಊರುಗಳಲ್ಲಿ ಅದು ಪೂರ್ತಿ ನಿಂತಿಲ್ಲ.

ನೆಲವನ್ನೂ ನೋಡಬೇಕು. ಸರ್ವೆ ನಂಬರಿನೊಳಗೆ ಬಿ ಖರಾಬು ಇದ್ದರೆ, ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಸರ್ಕಾರದ ದಿಶಾಂಕ್ ಆ್ಯಪನ್ನು ತೆರೆದು ಸೈಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆಂಬುದು ತಿಳಿಯುತ್ತದೆ, ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ ಎಲ್ಲಿತ್ತೆಂಬುದೂ ಕಾಣುತ್ತದೆ. ಅಚ್ಚುಕಟ್ಟಿನ ಗದ್ದೆಗಳಲ್ಲಿ ಹೊಲಗಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದ ಕಡೆ, ಮೇಲಿನ ಗದ್ದೆಗೆ ನೀರು ಬಿಟ್ಟಾಗ ಕೆಳಗಿನ ಸೈಟಿನಲ್ಲಿ ಜೊಂಡು ಬೆಳೆಯುವುದನ್ನು ಯಾರಾದರೂ ನೋಡಬಹುದು. ಎರೆ ಭೂಮಿಯಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣಿನಲ್ಲಿ ಪಾಯ ಆಳಕ್ಕೆ ಹೋಗಬೇಕು, ಕಟ್ಟುವ ಖರ್ಚು ಏರುತ್ತದೆ. ಮನೆ ಕಟ್ಟುವ ಆಸೆಯಿಂದ ಬರುವ ಮುಂದಿನ ಗಿರಾಕಿ ಇದನ್ನು ಖಂಡಿತ ಚೌಕಾಸಿಗೆ ಬಳಸುತ್ತಾನೆ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡದೆ ಮುಂಗಡ ಕೊಡಬಾರದೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ವಾಸ್ತುವಿನ ಬಗ್ಗೆ ಒಂದು ಮಾತು. ದಕ್ಷಿಣಕ್ಕೆ ಮುಖವಿರುವ ಸೈಟು ಅದೇ ಬೀದಿಯಲ್ಲಿ ಪೂರ್ವದ ಸೈಟಿಗಿಂತ ಅಗ್ಗಕ್ಕೆ ಸಿಗುತ್ತದೆ, ನಂಬಿಕೆಯಿಲ್ಲದವರು ಅದನ್ನು ಲಾಭವೆಂದುಕೊಳ್ಳುತ್ತಾರೆ. ಸ್ವಂತ ವಾಸಕ್ಕಾದರೆ ಅದು ಲಾಭವೇ. ಹೂಡಿಕೆಗಾದರೆ, ಮುಂದೆ ಕೊಳ್ಳುವವನ ಮನೆಯ ಹಿರಿಯರಿಗೆ ನಂಬಿಕೆ ಇದೆಯೇ ಎಂಬುದು ಮುಖ್ಯ, ನಮಗಿದೆಯೇ ಎಂಬುದಲ್ಲ. ಅಗ್ಗಕ್ಕೆ ಕೊಂಡದ್ದನ್ನು ಅಗ್ಗಕ್ಕೇ ಮಾರಬೇಕಾಗುತ್ತದೆಂದು ಲೆಕ್ಕದಲ್ಲಿ ಮೊದಲೇ ಬರೆದುಕೊಂಡರೆ ತಪ್ಪಿಲ್ಲ.

ಖಾತೆಯ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಬದಲಾವಣೆ ದೊಡ್ಡದು. 2024ರ ಕೊನೆಯ ಭಾಗದಿಂದ ಇ-ಖಾತೆಯಿಲ್ಲದ ಸ್ವತ್ತಿನ ನೋಂದಣಿ ಕಷ್ಟವಾಗಿದೆ. ನಗರದಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶಗಳಿಂದಲೇ ಸ್ವತ್ತಿನ ವಿವರ ಉಪನೋಂದಣಾಧಿಕಾರಿಗಳ ಕಚೇರಿಗೆ ಬರುತ್ತದೆ. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಅಭಿಯಾನವನ್ನು ಸರ್ಕಾರ ನಡೆಸಿದಾಗ, ರೆವಿನ್ಯೂ ಸೈಟುಗಳೆಲ್ಲ ಸಕ್ರಮವಾದವೆಂಬ ಮಾತು ಹರಡಿತು. ಹಾಗಲ್ಲ. ಬಿ-ಖಾತೆ ಇರುವುದು ಮುಖ್ಯವಾಗಿ ತೆರಿಗೆ ವಸೂಲಿಗೆ. ಬಡಾವಣೆಗೆ ಅನುಮೋದನೆಯಿಲ್ಲ ಎಂಬ ಕೊರತೆ ಅದರಿಂದ ನೀಗುವುದಿಲ್ಲ, ಬಹಳಷ್ಟು ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಹಿಂಜರಿಯುತ್ತವೆ. ಈಗಾಗಲೇ ಅಂಥ ಸೈಟು ಇರುವವರು ಖಾತೆ ಮಾಡಿಸಿಕೊಳ್ಳುವುದು ಸರಿ. ಹೊಸದಾಗಿ ಹೂಡಿಕೆಗೆಂದು ಕೊಳ್ಳುವವರಿಗೆ ಅದು ಆಮಿಷವಾಗಬಾರದು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಕೇಳಬೇಕು. 11-ಬಿ ತೋರಿಸಿದರೆ ಅದರ ಅರ್ಥವೇನೆಂದು ವಕೀಲರಿಂದ ತಿಳಿಯುವವರೆಗೆ ಚೆಕ್ ಬರೆಯಬಾರದು.

ನಗದಿನ ಪಾಲು

“ಗೈಡ್‌ಲೈನ್ ರೇಟಿಗೆ ರಿಜಿಸ್ಟರ್ ಮಾಡ್ಸೋಣ, ಉಳಿದಿದ್ದು ಕ್ಯಾಶ್ ಕೊಡಿ ಸಾರ್” ಎಂಬ ಮಾತು ಬಾರದ ವ್ಯವಹಾರ ವಿರಳ. ಗೈಡ್‌ಲೈನ್ ರೇಟು ಎಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ. ಕೊಳ್ಳುವವರು ಇದನ್ನು ತಮಗೂ ಉಳಿತಾಯವೆಂದೇ ತಿಳಿಯುತ್ತಾರೆ. ಇಪ್ಪತ್ತು ಲಕ್ಷದ ಸೈಟನ್ನು 12 ಲಕ್ಷಕ್ಕೆ ನೋಂದಾಯಿಸಿದರೆ 8 ಲಕ್ಷದ ಮೇಲಿನ ಶೇ. 7.6, ಅಂದರೆ 60,800 ರೂಪಾಯಿ ಉಳಿಯಿತು ಎಂಬುದು ಮೊದಲ ದಿನದ ಲೆಕ್ಕ. ಎಂಟು ವರ್ಷದ ನಂತರದ ಲೆಕ್ಕ ಬೇರೆ. ಅಂದು ಕೊಳ್ಳುವವನು ಬ್ಯಾಂಕ್ ಸಾಲಕ್ಕಾಗಿ ಪೂರ್ತಿ 40 ಲಕ್ಷವನ್ನೂ ಕ್ರಯಪತ್ರದಲ್ಲಿ ಬರೆಸುತ್ತಾನೆ. ಕೊಂಡ ಬೆಲೆ ಕಾಗದದಲ್ಲಿ 12 ಲಕ್ಷವಿರುವುದರಿಂದ ಇಲ್ಲದ 8 ಲಕ್ಷ ಲಾಭಕ್ಕೂ ತೆರಿಗೆ ಬೀಳುತ್ತದೆ, ಸೆಸ್ ಸೇರಿ 1.04 ಲಕ್ಷ. ಮುದ್ರಾಂಕ ಶುಲ್ಕ ತಪ್ಪಿಸುವುದು ಅಪರಾಧವೆಂಬುದನ್ನು ಬದಿಗಿಟ್ಟರೂ ಇದು ನಷ್ಟದ ವ್ಯವಹಾರ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆದವನಿಗೆ ಪಡೆದಷ್ಟೇ ಮೊತ್ತದ ದಂಡ ಹಾಕಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಇಂದು ಕೊಳ್ಳುವವನೇ ನಾಳೆ ಮಾರುವವನಲ್ಲವೇ?

ಮಾರ್ಗಸೂಚಿ ಬೆಲೆ ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಯಾಗಿ ಏರಿದ ಮೇಲೆ ಕೆಲವು ಕಡೆ ತದ್ವಿರುದ್ಧ ಸ್ಥಿತಿಯೂ ಉಂಟಾಯಿತು: ಮಾರುಕಟ್ಟೆಯ ಬೆಲೆಯೇ ಮಾರ್ಗಸೂಚಿಗಿಂತ ಕಡಿಮೆ. ಆಗ ಮುದ್ರಾಂಕ ಶುಲ್ಕವನ್ನು ಎರಡರಲ್ಲಿ ಹೆಚ್ಚಿನದರ ಮೇಲೆ ಕಟ್ಟಬೇಕು, ವ್ಯತ್ಯಾಸ ಶೇ. 10ನ್ನು ಮೀರಿದರೆ ಕೊಂಡವನಿಗೂ ಮಾರಿದವನಿಗೂ ಆದಾಯ ತೆರಿಗೆಯ ತೊಡಕು ಬರಬಹುದು. ಬೆಲೆ ಮಾತಾಡುವ ಮೊದಲೇ ಆ ಬೀದಿಯ ಮಾರ್ಗಸೂಚಿ ಬೆಲೆ ತಿಳಿದಿರುವುದು ಇದಕ್ಕಾಗಿ. ಮಾರ್ಗಸೂಚಿ ಬೆಲೆಯಾಗಲಿ ಒಪ್ಪಿದ ಬೆಲೆಯಾಗಲಿ 50 ಲಕ್ಷ ಮುಟ್ಟಿದರೆ ಶೇ. 1ರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವನದು.

ಸಾಲ, ಬಾಡಿಗೆ

ಸಾಲ ಮಾಡಿ ಕೊಳ್ಳಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ವಿಚಿತ್ರವೆನಿಸಬಹುದು: ಕೈಯಲ್ಲಿ ಪೂರ್ತಿ ಹಣವಿದ್ದರೂ ಒಂದು ಸಣ್ಣ ಸಾಲಕ್ಕೆ ಅರ್ಜಿ ಹಾಕುವುದು ಒಳ್ಳೆಯದು. ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ, ಬ್ಯಾಂಕಿನ ಎಂಜಿನಿಯರು ಬೆಲೆ ಕಟ್ಟುತ್ತಾರೆ. ರಾಷ್ಟ್ರೀಕೃತ ಬ್ಯಾಂಕೊಂದು ಸಾಲ ಕೊಡಲೊಪ್ಪಿದರೆ, ಮುಂದಿನ ಗಿರಾಕಿಗೂ ಸಾಲ ಸಿಗುವ ಸಾಧ್ಯತೆ ಹೆಚ್ಚು ಎಂಬುದು ಅಲ್ಲಿಗೆ ತಿಳಿದಂತಾಯಿತು. ನಿರಾಕರಿಸಿದರೆ ಆ ನಿರಾಕರಣೆಯ ಬೆಲೆ ಹಲವು ಲಕ್ಷ. ಪರಿಚಿತರೊಬ್ಬರು ಹರಿಹರದ ಕಡೆಯ ಒಂದು ಸೈಟಿಗೆ ಬ್ಯಾಂಕು ಒಲ್ಲೆನೆಂದಾಗ, “ಬ್ಯಾಂಕಿನವರು ಎಲ್ಲದಕ್ಕೂ ಹಾಗೇ” ಎಂಬ ದಲ್ಲಾಳಿಯ ಸಮಾಧಾನ ನಂಬಿ ಚೀಟಿ ಎತ್ತಿ, ಹೆಂಡತಿಯ ಒಡವೆ ಅಡವಿಟ್ಟು ನಗದು ಕೊಟ್ಟರು. ಹನ್ನೊಂದು ವರ್ಷವಾಯಿತು. ಬಂದ ಗಿರಾಕಿಗಳೆಲ್ಲ ಬ್ಯಾಂಕಿನ ಬಾಗಿಲಿನವರೆಗೆ ಹೋಗಿ ವಾಪಸಾಗಿದ್ದಾರೆ. ಆದರೂ ಬ್ಯಾಂಕಿನ ವಕೀಲರ ವರದಿ ಬ್ಯಾಂಕಿನ ಹಿತಕ್ಕಾಗಿ ಬರೆದದ್ದು. ನಮ್ಮ ವಕೀಲರನ್ನು ನಾವೇ ಬೇರೆಯಾಗಿ ಹಿಡಿಯಬೇಕು, ಅವರು ಮಾರುವವರು ತೋರಿಸಿದ ವಕೀಲರಾಗಿರಬಾರದು.

ಗೃಹಸಾಲದಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಮೌಲ್ಯದ ಶೇ. 90ರವರೆಗೆ, 75 ಲಕ್ಷದವರೆಗೆ ಶೇ. 80ರವರೆಗೆ, ಅದರಾಚೆ ಶೇ. 75ರವರೆಗೆ ಸಿಗುತ್ತದೆ. ಖಾಲಿ ನಿವೇಶನಕ್ಕೆ ಬ್ಯಾಂಕುಗಳು ಇದಕ್ಕಿಂತ ಬಿಗಿ, ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತೂ ಇರುತ್ತದೆ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದ 40 ಲಕ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 34,700 ರೂಪಾಯಿ. “ಬಾಡಿಗೆ ಬರುತ್ತೆ, ಕಂತು ಅದರಲ್ಲೇ ಹೋಗುತ್ತೆ” ಎಂಬ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೈಟು ಮತ್ತು ಕಟ್ಟಡ ಸೇರಿ 60 ಲಕ್ಷ ಬಿದ್ದ ಮನೆಗೆ ತಿಂಗಳಿಗೆ 15 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 1.8 ಲಕ್ಷ, ಹೂಡಿದ್ದರ ಶೇ. 3. ಒಂದು ತಿಂಗಳು ಖಾಲಿ, ಒಮ್ಮೆ ಸುಣ್ಣಬಣ್ಣ, ಒಮ್ಮೆ ಮೋಟಾರು ರಿಪೇರಿ ಎಂದರೆ ಇನ್ನೂ ಕಡಿಮೆ. ಅರ್ಧ ಕಂತಿಗೂ ಅದು ಸಾಲುವುದಿಲ್ಲ. ಉಳಿದದ್ದು ಸಂಬಳದಿಂದ ಹೋಗುತ್ತದೆ.

ಹಾಗೆಂದು ಬಾಡಿಗೆ ಮನೆ ಕೂಡದೆಂದಲ್ಲ. ಕೆಳಗೆ ತಾವಿದ್ದು ಮೇಲಂತಸ್ತನ್ನು ಬಾಡಿಗೆಗೆ ಕೊಡುವ ನಮ್ಮ ಮಧ್ಯಮ ವರ್ಗದ ಹಳೆಯ ಪದ್ಧತಿ, ನನ್ನ ಅಭಿಪ್ರಾಯದಲ್ಲಿ, ಹೊಸಬರಿಗೆ ಇರುವ ದಾರಿಗಳಲ್ಲೆಲ್ಲ ಹೆಚ್ಚು ಕ್ಷೇಮದ್ದು. ಅಲ್ಲಿ ನೆಲದ ಬೆಲೆಯನ್ನು ಸ್ವಂತ ವಾಸವೇ ಹೊತ್ತಿರುತ್ತದೆ, ಮೇಲಂತಸ್ತಿಗೆ ಬೀಳುವುದು ಕಟ್ಟುವ ಖರ್ಚು ಮಾತ್ರ; ಹಾಗಾಗಿ ಬಾಡಿಗೆಯ ಶೇಕಡಾವಾರು ಒಮ್ಮೆಗೇ ಏರುತ್ತದೆ. ಉಸ್ತುವಾರಿಗೆ ಬೇರೆ ಯಾರೂ ಬೇಡ. ಬಾಡಿಗೆ ಆದಾಯದಲ್ಲಿ ಶೇ. 30ನ್ನು ರಿಪೇರಿಯ ಬಾಬ್ತಿಗೆಂದು ಲೆಕ್ಕ ಕೇಳದೆ ಬಿಟ್ಟುಕೊಡುವ ತೆರಿಗೆ ನಿಯಮವೂ ಇದಕ್ಕೆ ಅನುಕೂಲ. ದಾವಣಗೆರೆಯಲ್ಲಿ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳು, ಹಲವು ಎಂಜಿನಿಯರಿಂಗ್ ಕಾಲೇಜುಗಳು, ತೋಳಹುಣಸೆಯ ಬಳಿ ವಿಶ್ವವಿದ್ಯಾನಿಲಯ ಇರುವುದರಿಂದ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ಶಾಮನೂರು ರಸ್ತೆಯ ಸುತ್ತ ಒಂದು-ಎರಡು ಕೋಣೆಯ ಮನೆಗಳಿಗೆ ಬೇಡಿಕೆ ನಿಲ್ಲುವುದಿಲ್ಲ. ವಿದ್ಯಾರ್ಥಿಗಳಿಗೆ ಕೊಟ್ಟರೆ ಬಾಡಿಗೆ ತುಸು ಹೆಚ್ಚು. ರಜೆಯ ತಿಂಗಳುಗಳಲ್ಲಿ ಖಾಲಿ, ನಲ್ಲಿ-ಸ್ವಿಚ್ಚುಗಳ ಆಯುಷ್ಯವೂ ಕಡಿಮೆ.

ಮಂಡಿಪೇಟೆ, ಅಶೋಕ ರಸ್ತೆಯಂಥ ಕಡೆ ಅಂಗಡಿ ಮಳಿಗೆ ಕೊಳ್ಳುವುದು ಹೊಸಬರ ಕೆಲಸವಲ್ಲ. ಒಬ್ಬ ಬಾಡಿಗೆದಾರ ಬಿಟ್ಟು ಹೋದರೆ ಮುಂದಿನವನು ಬರುವವರೆಗೆ ಕಾಯುವ ಕಸುವು ಬೇಕು.

ಘೋಷಣೆ ಮತ್ತು ಕಾಲ

ಇನ್ನು “ಯಾವ ಏರಿಯಾ” ಎಂಬ ಪ್ರಶ್ನೆ. ಅದಕ್ಕೆ ಮಾರುವವರು ಕೊಡುವ ಉತ್ತರ ಬಹುತೇಕ ಒಂದು ಘೋಷಣೆ: ರೈಲು ಬರುತ್ತದೆ, ರಿಂಗ್ ರಸ್ತೆ ಬರುತ್ತದೆ, ಕೈಗಾರಿಕೆ ಬರುತ್ತದೆ. ಚಿತ್ರದುರ್ಗ ಜಿಲ್ಲೆ ಇದಕ್ಕೆ ಒಳ್ಳೆಯ ಪಾಠಶಾಲೆ. ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲು ಮಾರ್ಗದ ಮಾತು ಕೇಳಿಬರತೊಡಗಿ ಹತ್ತು ವರ್ಷಕ್ಕೂ ಮೀರಿತು. ಆ ದಾರಿಯಲ್ಲಿ ರೈಲು ಓಡುವುದನ್ನು ನಂಬಿ ಆರಂಭದಲ್ಲೇ ಹಣ ಹಾಕಿದವರು ಅಷ್ಟೂ ವರ್ಷ ಕಾದಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಿನ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಜಮೀನು ಕೊಟ್ಟಾಗ ಸೈನ್ಸ್ ಸಿಟಿ ಎಂಬ ಹೆಸರು ಹುಟ್ಟಿತು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯೂ ಆಯಿತು. ಸಂಸ್ಥೆಗಳು ಬಂದದ್ದು ನಿಜ. ಆದರೆ ಬೇಲಿಯೊಳಗಿನ ಇಂಥ ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆ ಬಂದ ಮಾತ್ರಕ್ಕೆ ಸುತ್ತಲಿನ ಹಳ್ಳಿಯಲ್ಲಿ ಸಾವಿರಾರು ಬಾಡಿಗೆದಾರರು ಹುಟ್ಟುವುದಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗಲೂ ಬೆಲೆಯ ಮಾತು ಎದ್ದಿತ್ತು.

ಯೋಜನೆಗಳು ಸುಳ್ಳೆಂದು ಹೇಳುತ್ತಿಲ್ಲ. ಘೋಷಣೆಯಾದ ವಾರದಲ್ಲೇ ಮಾರುವವನು ಅದರ ಬೆಲೆಯನ್ನು ಸೇರಿಸಿಯೇ ಹೇಳುತ್ತಾನೆ. ಯೋಜನೆ ಮುಗಿಯುವ ಹೊತ್ತಿಗೆ ಸಿಗಬೇಕಿದ್ದ ಲಾಭದ ಬಹುಭಾಗ ಅವನಿಗೆ ಇಂದೇ ಸಂದಾಯವಾಗಿರುತ್ತದೆ, ಕಾಯುವ ಕಷ್ಟ ಮಾತ್ರ ಕೊಂಡವನದು. ಅದಕ್ಕಿಂತ, ಬಂದು ನಿಂತಿರುವುದನ್ನು ನೋಡಿ ಕೊಳ್ಳುವುದು ಲೇಸು: ಪಾಲಿಕೆಯ ನೀರು ಬಂದಿದೆಯೇ, ಸುತ್ತಲಿನ ಸೈಟುಗಳಲ್ಲಿ ಎಷ್ಟರಲ್ಲಿ ಮನೆ ಎದ್ದಿವೆ, ರಾತ್ರಿ ಎಂಟಕ್ಕೆ ಆ ಬೀದಿಯಲ್ಲಿ ದೀಪ ಉರಿಯುತ್ತದೆಯೇ, ಶಾಲೆಯ ವ್ಯಾನು ಅಲ್ಲಿಗೆ ಬರುತ್ತದೆಯೇ. ನೂರು ಸೈಟಿನ ಬಡಾವಣೆಯಲ್ಲಿ ಐದು ಮನೆ ಮಾತ್ರ ಇದ್ದರೆ ಉಳಿದ ತೊಂಬತ್ತೈದನ್ನು ಕೊಂಡವರೂ ನಮ್ಮ ಹಾಗೆ ಹೂಡಿಕೆಗೇ ಕೊಂಡವರು. ನಾವು ಮಾರಲು ಹೊರಟ ದಿನ ಅವರೂ ಮಾರಲು ನಿಂತಿರುತ್ತಾರೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆಯ ರೇಟು ಏರಿದ ವರ್ಷ ಸೈಟಿನ ಮಾತುಕತೆ ಬಿಸಿಯಾಗುತ್ತದೆಂದೂ ಇಳಿದ ವರ್ಷ ತಣ್ಣಗಾಗುತ್ತದೆಂದೂ ಇಲ್ಲಿನ ದಲ್ಲಾಳಿಗಳು ಹೇಳುವುದನ್ನು ಕೇಳಿದ್ದೇನೆ. ಮಾರುವ ಕಾಲವನ್ನು ಆರಿಸಿಕೊಳ್ಳುವ ಬಿಡುವು ಇರಬೇಕಾದರೆ, ಮಗಳ ಮದುವೆಗೋ ಕಾಲೇಜಿನ ಶುಲ್ಕಕ್ಕೋ ನಿಗದಿತ ವರ್ಷದಲ್ಲಿ ಬೇಕಾಗುವ ಹಣವನ್ನು ನೆಲದಲ್ಲಿ ಹೂಳಬಾರದು.

ಕೃಷಿ ಜಮೀನಿನ ಬಗ್ಗೆಯೂ ಈಗ ಕೇಳುವವರು ಹೆಚ್ಚಾಗಿದ್ದಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಇಲ್ಲಿ ಮೊದಲು ನೋಡಬೇಕಾದದ್ದು ಮೂಲ ಮಂಜೂರಾತಿ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧು. ಮರಳಿ ಕೊಡಿಸುವಂತೆ ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಈ ಕಾಯ್ದೆಯ ಉದ್ದೇಶ ನ್ಯಾಯವಾದದ್ದು, ಅದನ್ನು ದೂರುವ ಬದಲು ಕಡತ ನೋಡಿ ಕೊಳ್ಳುವುದು ಕೊಳ್ಳುವವರ ಕರ್ತವ್ಯ. ಪಹಣಿಯಲ್ಲಿ ಜಂಟಿ ಹೆಸರುಗಳಿದ್ದರೆ ಪೋಡಿಯಾಗಬೇಕು, ಅಂದರೆ ಅಳತೆ ಮಾಡಿ ಪಾಲು ಬೇರ್ಪಡಿಸಬೇಕು; ಸರ್ವೆ ನಂಬರಿನ ಒಂದು ಭಾಗವಾದರೆ ಆ ಭಾಗವನ್ನು ಗುರುತಿಸುವ 11-ಇ ನಕ್ಷೆ ಬೇಕು. “ನಾಲ್ಕು ಗುಂಟೆ ಜಂಟಿ ಪಹಣಿಯಲ್ಲಿ ಬರುತ್ತೆ” ಎಂದು ಮಾರುವ ಫಾರ್ಮ್ ಪ್ಲಾಟುಗಳು ಹೆಸರು ಬದಲಿಸಿದ ರೆವಿನ್ಯೂ ಸೈಟುಗಳೇ. ತೆರಿಗೆಯಲ್ಲಿ ಒಂದು ಅನುಕೂಲವುಂಟು: ದಾವಣಗೆರೆ ಮತ್ತು ಚಿತ್ರದುರ್ಗಗಳೆರಡೂ ಲಕ್ಷಕ್ಕೆ ಮೇಲೆ, ಹತ್ತು ಲಕ್ಷಕ್ಕೆ ಕೆಳಗೆ ಜನಸಂಖ್ಯೆಯ ನಗರಗಳಾದ್ದರಿಂದ, ಅವುಗಳ ಗಡಿಯಿಂದ 6 ಕಿಲೋಮೀಟರಿನಾಚೆ, ಬೇರೆ ಯಾವ ಪಟ್ಟಣದ ಮಿತಿಗೂ ಸಿಗದ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭ ತೆರಿಗೆ ಬರುವುದಿಲ್ಲ.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಕೆಲಸ ಉಳಿದಿರುತ್ತದೆ. ನೋಂದಣಿಯಾದ ತಿಂಗಳಲ್ಲೇ ಖಾತೆ ಬದಲಾವಣೆಗೆ ಅರ್ಜಿ ಹಾಕಿ, ಸರ್ವೇಯರ್ ಕರೆಸಿ ಹದ್ದುಬಸ್ತು (ಗಡಿ ಗುರುತು) ಮಾಡಿಸಿ, ನಾಲ್ಕು ಮೂಲೆಗೆ ಕಲ್ಲು ನೆಡಿಸಿ ತಂತಿ ಎಳೆಸಬೇಕು. ಪಕ್ಕದವರು ಎರಡಡಿ ಒತ್ತಿ ಕಾಂಪೌಂಡು ಕಟ್ಟಿದ ಮೇಲೆ ಎಚ್ಚತ್ತರೆ ಆಗುವ ಖರ್ಚು ಇದರ ಹತ್ತು ಪಟ್ಟು. ಪ್ರತಿವರ್ಷ ಏಪ್ರಿಲ್‌ನಲ್ಲಿ ರಿಯಾಯಿತಿ ಇರುವಾಗಲೇ ತೆರಿಗೆ ಕಟ್ಟಿ, ಆ ದಿನವೇ ಹೊಸದೊಂದು ಇಸಿ ತೆಗೆಸಿ, ರಸೀದಿಯೊಡನೆ ಒಂದೇ ಕಡತದಲ್ಲಿ ಸೇರಿಸಿಡಬೇಕು. ಮಾರುವ ದಿನ ಗಿರಾಕಿಯ ಬ್ಯಾಂಕಿನ ವಕೀಲರು ಮೊದಲು ಕೇಳುವುದು ಆ ಕಡತವನ್ನೇ.